ಎ1ಸಿ ರಿಪೋರ್ಟ್‌ಗೆ ಸೈನ್ ಹಾಕೋ ಮುಂಚೆ ಗ್ರಾಫ್ ನೋಡೋದು ಕಲ್ತಿದ್ದು

ಬೆಂಗಳೂರಲ್ಲಿ ಒಂಬತ್ತು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ನಾನು. ದಿನಕ್ಕೆ ನಲವತ್ತು ಐವತ್ತು ಎಚ್‌ಬಿಎ1ಸಿ ಬರುತ್ತೆ, ಅದೇ ಜನ "ಮೂರು ತಿಂಗಳ ಶುಗರ್" ಅಂತಾರಲ್ಲ ಅದು. ಗ್ಲೂಕೋಸ್ ತಾನಾಗೇ ಹೋಗಿ ಹಿಮೋಗ್ಲೋಬಿನ್‌ಗೆ ಅಂಟ್ಕೊಳುತ್ತೆ, ಕೆಂಪುಕಣ ಸುಮಾರು 120 ದಿನ ಬದುಕುತ್ತೆ, ಹಂಗಾಗಿ ಹಿಂದಿನ ರಾತ್ರಿ ಉಪವಾಸ ಇದ್ದು ಬಂದು ಮೋಸ ಮಾಡೋಕಾಗಲ್ಲ. 5.7ರಿಂದ 6.4 ಪರ್ಸೆಂಟ್ ಪ್ರೀ ಡಯಾಬಿಟಿಸ್, 6.5 ಮುಟ್ಟಿದ್ರೆ ಡಯಾಬಿಟಿಸ್.

ಶುರುವಲ್ಲಿ ನಾನೂ ಮಷಿನ್ ಕೊಟ್ಟ ನಂಬರ್ ಟೈಪ್ ಮಾಡಿ ಕಳಿಸ್ತಿದ್ದೆ ಅಷ್ಟೇ. ಒಂದ್ಸಲ ಒಬ್ಬ ಹೆಂಗಸಿಗೆ 6.7 ಬಂತು. ಡಾಕ್ಟರ್ ಫೋನ್ ಮಾಡಿ "ಏನಮ್ಮ, ಫಾಸ್ಟಿಂಗ್ ಶುಗರ್ 92 ಇದೆ, ಇದು ಹೆಂಗೆ?" ಅಂದ್ರು. ಸಿಬಿಸಿ, ಅಂದ್ರೆ ರಕ್ತಕಣಗಳ ಲೆಕ್ಕದ ರಿಪೋರ್ಟ್ ತೆಗ್ದು ನೋಡಿದ್ರೆ ಹಿಮೋಗ್ಲೋಬಿನ್ 7.4, ಕಬ್ಬಿಣದ ಕೊರತೆ. ರಕ್ತದಲ್ಲಿ ಐರನ್ ಕಮ್ಮಿ ಆದ್ರೆ ಎ1ಸಿ ಸುಳ್ಳು ಸುಳ್ಳೇ ಏರುತ್ತೆ ಅಂತ ಡಿಪ್ಲೊಮಾದಲ್ಲಿ ಓದಿದ್ದೆ, ನೆನಪೇ ಬಂದಿರ್ಲಿಲ್ಲ. ನಾಲ್ಕು ತಿಂಗಳು ಐರನ್ ಮಾತ್ರೆ ತಗೊಂಡ್ಮೇಲೆ 5.8. ರಕ್ತ ಹೋಗಿದ್ರೆ, ಬೇರೆಯವರ ರಕ್ತ ಹಾಕ್ಸಿದ್ರೆ ಉಲ್ಟಾ, ನಂಬರ್ ಇಳಿಯುತ್ತೆ.

ಆಮೇಲಿಂದ ಎಚ್‌ಪಿಎಲ್‌ಸಿ ಗ್ರಾಫ್ ನೋಡ್ದೆ ಸೈನ್ ಹಾಕಲ್ಲ; ಹಿಮೋಗ್ಲೋಬಿನ್ ಬಗೆಗಳನ್ನ ಬೇರೆ ಬೇರೆ ಮಾಡಿ ತೋರ್ಸೋ ಮಷಿನ್ ಅದು. ಸಾಮಾನ್ಯವಾಗಿ ಬೆಟ್ಟದಂಗೆ ಒಂದು ದೊಡ್ಡ ಪೀಕ್ ಎ0, ಅಂದ್ರೆ ಸಕ್ಕರೆ ಅಂಟದ ಮಾಮೂಲಿ ಹಿಮೋಗ್ಲೋಬಿನ್ ಎ; ಅದರ ಮುಂದೆ ಗುಡ್ಡದಂಗೆ ಎ1ಸಿ, ಅದೇ ಹಿಮೋಗ್ಲೋಬಿನ್ ಎಗೆ ಸಕ್ಕರೆ ಅಂಟಿರೋದು. ಹೋದ ವರ್ಷ ಅಸ್ಸಾಮಿನ ಒಬ್ಬ ಸೆಕ್ಯೂರಿಟಿ ಹುಡುಗನ ಸ್ಯಾಂಪಲ್‌ದು ಬೆಟ್ಟಾನೇ ಜಾಗ ಬದಲಾಯಿಸ್ಬಿಟ್ಟಿದೆ, ಎ0 ಇರ್ಬೇಕಾದ ಕಡೆ ಹೆಚ್ಚುಕಮ್ಮಿ ಖಾಲಿ! ನೇರಳೆ ಮುಚ್ಚಳದ ಟ್ಯೂಬ್ ಮತ್ತೆ ಚೆನ್ನಾಗಿ ಅಲ್ಲಾಡಿಸಿ ಓಡಿಸ್ದೆ, ಅದೇ ಗ್ರಾಫ್. ಫಾಸ್ಟಿಂಗ್ ನೋಡಿದ್ರೆ 210. ಸೀನಿಯರ್ ಮೇಡಂ ಒಂದೇ ನೋಟಕ್ಕೆ "ಇದು ಹಿಮೋಗ್ಲೋಬಿನ್ ಇ ಕಣೆ, ಅಪ್ಪ ಅಮ್ಮ ಇಬ್ಬರಿಂದಲೂ ಬಂದಿರೋ ಹಂಗಿದೆ, ಎಲೆಕ್ಟ್ರೋಫೋರೆಸಿಸ್‌ಗೆ ಕಳ್ಸು" ಅಂದ್ರು. ಕರೆಂಟ್ ಹಾಯಿಸಿ ಹಿಮೋಗ್ಲೋಬಿನ್ ಬಗೆ ಗುರುತಿಸೋ ಟೆಸ್ಟ್ ಅದು, ಅದ್ರಲ್ಲೂ ಹಂಗೇ ಬಂತು. ಹಿಮೋಗ್ಲೋಬಿನ್ ಇ ಅಂದ್ರೆ ಹುಟ್ಟಿನಿಂದಲೇ ಸ್ವಲ್ಪ ಬದಲಾಗಿರೋ ಹಿಮೋಗ್ಲೋಬಿನ್. ಅಸ್ಸಾಂ ಕಡೆ ಇದು ಅಪರೂಪ ಏನಲ್ಲ. ಹಿಮೋಗ್ಲೋಬಿನ್ ಎ ಇಲ್ಲದೋನಿಗೆ ಎ1ಸಿ ಎಲ್ಲಿಂದ ಬರ್ಬೇಕು ಹೇಳಿ.

ಮೇಡಂ ಡಾಕ್ಟರ್ ಹತ್ರ ಮಾತಾಡಿ ಫ್ರಕ್ಟೋಸಮೈನ್ ಬರೆಸಿದ್ರು. ಅದು ಆಲ್ಬುಮಿನ್ ಥರದ ಪ್ರೋಟೀನ್‌ಗೆ ಅಂಟಿರೋ ಸಕ್ಕರೆ ಲೆಕ್ಕ, ಎರಡ್ಮೂರು ವಾರದ್ದು ಮಾತ್ರ ಹೇಳುತ್ತೆ, ಕೆಂಪುಕಣದ ಗೊಡವೆ ಇಲ್ಲ. 410 ಬಂತು, ನಮ್ಮಲ್ಲಿ ನಾರ್ಮಲ್ 285ರ ತನಕ. ಪಾಪ, ಹುಡುಗ "ಮೊದಲಿನ ಟೆಸ್ಟ್ ದುಡ್ಡು ಹೋಯ್ತಾ ಮೇಡಂ?" ಅಂತ ಕೇಳ್ದ. ಬಿಲ್ಲಿಂಗ್‌ನಲ್ಲಿ ಅರ್ಧ ಗಂಟೆ ಕಿತ್ತಾಡಿ ವಾಪಸ್ ಕೊಡ್ಸಿದೆ.