ನೆನೆದ ಡೋರ್ ಪ್ಯಾಡಿಗೆ ಆಫ್‌ಸೆಟ್ ಪ್ಲೇಟಿನ ತೇಪೆ

ನನ್ನ 1999ರ ಮಾರುತಿ 800ರ ಮುಂದಿನ ಎರಡೂ ಡೋರ್ ಪ್ಯಾಡುಗಳು, ಅಂದರೆ ಬಾಗಿಲ ತಗಡಿನ ತೂತುಗಳಿಗೆ ಕ್ಲಿಪ್ಪು ಒತ್ತಿ ಒಳಮೈಗೆ ಕೂರಿಸುವ ಬೋರ್ಡುಗಳು, ಕೆಳಗಡೆ ಬಾಯಿ ಬಿಟ್ಟು ನಾಲ್ಕು ವರ್ಷವಾಗಿತ್ತು. ಶಿವಮೊಗ್ಗದ ಕುಶನ್ ಅಂಗಡಿಯವರು ಅಂಚನ್ನು ಬೆರಳಿನಿಂದ ಒತ್ತಿ ನೋಡಿ, “ಬೋರ್ಡು ನೆನೆದ ಹಪ್ಪಳವಾಗಿದೆ ಮಾರಾಯರೇ, ಒಲೆಗೆ ಹಾಕಿ. ಹೊಸ ಜೋಡಿಗೆ 4,500 ಆಗುತ್ತದೆ” ಎಂದಿದ್ದರು. ಮೂರು ಕಡೆ ಕೇಳಿದೆ, ಮೂರು ಕಡೆಯೂ ಇದೇ ಮಾತು. ಆ ಹಪ್ಪಳವೇ ಈಗ ತೀರ್ಥಹಳ್ಳಿಯ ಎರಡು ಮಳೆಗಾಲ ಕಳೆದು, ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತಾರು ಸಲ ಇಳಿದು ಹತ್ತಿ, ಒಂದು ಕ್ಲಿಪ್ಪೂ ಕಳಚದೆ ನಿಂತಿದೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಹಾಟ್ ಗ್ಲೂ ಗನ್ನಿನಿಂದ ಕ್ಲಿಪ್ಪುಗಳನ್ನು ಬೋರ್ಡಿಗೇ ಅಂಟಿಸಿದೆ. ಏಪ್ರಿಲ್ ಬಿಸಿಲಿನಲ್ಲಿ ಕಾರು ನಿಲ್ಲಿಸಿ ಮೂರು ಗಂಟೆ ಬಿಟ್ಟು ಬಂದರೆ ಅಂಟು ಬೆಲ್ಲದ ಪಾಕದಂತೆ ಎಳೆ ಬಿಟ್ಟಿತ್ತು. ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಪುಟ್ಟಿ ಕಲ್ಲಿನಂತೆ ಗಟ್ಟಿಯಾಯಿತು, ಆದರೆ ಬಾಗಿಲು ಬಡಿದ ಬಡಿತಕ್ಕೆ ಬೋರ್ಡಿನ ಒಂದು ಪದರವನ್ನೂ ಕಿತ್ತುಕೊಂಡು ಉದುರಿತು. ಹೆಚ್ಚು ದುಡ್ಡು ಹೋದದ್ದು ಮೂರನೆಯ ಸಲ. ಖಾಲಿ ಆಯಿಲ್ ಕ್ಯಾನ್ ಕತ್ತರಿಸಿ, ತೇಪೆ ಮಾಡಿ ಎಪಾಕ್ಸಿ ಅಂಟಿನಿಂದ ಕೂರಿಸಿದೆ. ಆ ಜಾತಿಯ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಹಿಡಿಯುವುದೇ ಇಲ್ಲ. ಹದಿನೈದು ದಿನಕ್ಕೆ ತೇಪೆಗಳು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಂದವು, ಸುಮಾರು 600 ರೂಪಾಯಿ ನೀರುಪಾಲು.

ಅಸಲು ರೋಗ ಬೇರೆಯೇ ಇತ್ತು. ಪ್ಯಾಡಿನ ಹಿಂದೆ ಬಾಗಿಲ ತಗಡಿಗೆ ಇರಬೇಕಾದ ಪಾಲಿಥಿನ್ ಹಾಳೆಯನ್ನು ಯಾವುದೋ ಹಳೆಯ ರಿಪೇರಿಯಲ್ಲಿ ಹರಿದು ಬಿಸಾಡಿದ್ದರು. ಗಾಜಿನ ಅಂಚಿನ ರಬ್ಬರ್ ಬೀಡಿಂಗ್ ದಾಟಿ ಬಾಗಿಲೊಳಗೆ ಇಳಿದ ನೀರು ಕೆಳಗಿನ ತೂತುಗಳಿಂದ ಹೊರಹೋಗಬೇಕು. ಅವು ಕೆಮ್ಮಣ್ಣು ತುಂಬಿ ಮುಚ್ಚಿದ್ದವು. ಕಡ್ಡಿ ಆಡಿಸಿದಾಗ ಎಡಬಾಗಿಲೊಂದರಿಂದಲೇ ಒಂದು ಚೊಂಬು ನೀರು ಸುರಿಯಿತು, ಕಾಫಿ ಡಿಕಾಕ್ಷನ್ನಿನ ಬಣ್ಣ. ಇಷ್ಟು ನೀರಿನ ಮೇಲೆ ಯಾವ ಅಂಟು ನಿಂತೀತು?

ಬಲಗಡೆಯ ಪ್ಯಾಡನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಎರಡು ಹಲಗೆಗಳ ನಡುವೆ ಇಟ್ಟು, ಬೀಸುವ ಕಲ್ಲು ಹೇರಿ ಹತ್ತು ಹನ್ನೆರಡು ದಿನ ಬಿಟ್ಟೆ. ಚಪ್ಪಟೆಯಾಗಿಯೇ ಒಣಗಿತು. ಎಡಗಡೆಯದನ್ನು ಅವಸರಪಟ್ಟು ಬಿಸಿಲಿಗೆ ಇಟ್ಟಿದ್ದೆ, ದೋಣಿಯಂತೆ ಬಾಗಿತು. ಅದನ್ನು ಮತ್ತೆ ನೇರ ಮಾಡಿದ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ತೇಪೆಗೆ ಸಿಕ್ಕಿದ್ದು ಪ್ರಿಂಟಿಂಗ್ ಪ್ರೆಸ್ಸಿನವರು ಬಳಸಿ ಗುಜರಿಗೆ ಹಾಕಿದ ಆಫ್‌ಸೆಟ್ ಪ್ಲೇಟ್. ತೆಳು ಅಲ್ಯೂಮಿನಿಯಂ, ಮನೆಯ ಕತ್ತರಿಗೇ ತುಂಡಾಗುತ್ತದೆ. ಎರಡಿಂಚಿನ ಚೌಕ ಕತ್ತರಿಸಿ, ಕ್ಲಿಪ್ಪಿನ ತಲೆ ಹೋಗುವಷ್ಟು ಒಂದು ತೂತು, ಅದರಿಂದ ಮೇಲಕ್ಕೆ ಕತ್ತು ಹಿಡಿಯುವಷ್ಟು ಕಿರಿದಾದ ಸೀಳು ಮಾಡಿದೆ. ಅಗಲದ ಬಾಯಿ ಕೆಳಗೇ ಇರಬೇಕು. ಪ್ಯಾಡು ತನ್ನ ಭಾರಕ್ಕೆ ಕೆಳಗೆ ಜಗ್ಗಿದಷ್ಟೂ ಕ್ಲಿಪ್ಪು ಸೀಳಿನೊಳಗೆ ಬಿಗಿಯಾಗುತ್ತದೆ. ಚೌಕವನ್ನು ಉಪ್ಪುಕಾಗದದಿಂದ ಚೆನ್ನಾಗಿ ಕೆರೆದು, ಥಿನ್ನರ್‌ನಿಂದ ಒರೆಸಿ, ನಿಧಾನಕ್ಕೆ ಹಿಡಿಯುವ ಎಪಾಕ್ಸಿ ಹಾಕಿ ಬೋರ್ಡಿಗೆ ಅಂಟಿಸಿದೆ. ಐದು ನಿಮಿಷದ್ದು ಬೇಡ. ಅಂಚಿನ ಮೇಲೆ ಹಳೆಯ ಪಂಚೆಯ ಬಟ್ಟೆಯನ್ನು ಅದೇ ಅಂಟಿನಲ್ಲಿ ಅದ್ದಿ ಹೊದಿಸಿ, ಒಂದು ಹಗಲು ಒಂದು ರಾತ್ರಿ ಭಾರ ಹೇರಿದೆ. ಅಂಟಿಗೆ ಒಂದು ಚಿಟಿಕೆ ಪುಡಿಯನ್ನೂ ಬೆರೆಸುತ್ತೇನೆ, ಯಾವುದೆಂದು ಹೇಳುವುದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಕಟಕಟ ಸದ್ದು ನಿಲ್ಲಲೆಂದು ಬಾಗಿಲ ತಗಡಿಗೂ ಪ್ಯಾಡಿಗೂ ನಡುವೆ ಅಡಿಕೆ ಹಾಳೆಯ ಪಟ್ಟಿ ಇಟ್ಟೆ. ಒಂದು ತಿಂಗಳು ಗಾಡಿ ಮೌನವಾಗಿ ಓಡಿತು. ಜುಲೈಯಲ್ಲಿ ಹಾಳೆಗೆ ಬೂಷ್ಟು ಹಿಡಿದು ಕಾರೊಳಗೆ ಕೂರಲಾಗಲಿಲ್ಲ. ಈಗ ಅಲ್ಲಿ ಹಳೆಯ ಯೋಗ ಚಾಪೆಯ ತುಂಡುಗಳಿವೆ, ನೀರು ಕುಡಿಯುವುದಿಲ್ಲ. ಬೋರ್ಡಿನ ಅಂಚಿಗೆ ಗೇರೆಣ್ಣೆ ಬಳಿದು ನೋಡಿದೆ. ನೀರನ್ನೇನೋ ತಡೆಯಿತು, ಆದರೆ ಕೈಯೆಲ್ಲ ಬೊಬ್ಬೆ. ಎರಡು ಸಲ ಬಳಿದ ವಾರ್ನಿಷ್ ಸಾಕು.

ಕೊನೆಗೆ ದಪ್ಪ ಪಾಲಿಥಿನ್ ಹಾಳೆಯನ್ನು ರಬ್ಬರಿನಂತಹ ಬ್ಯೂಟೈಲ್ ಟೇಪಿನಿಂದ ಬಾಗಿಲಿಗೆ ಅಂಟಿಸಿ, ಅದರ ಕೆಳ ಅಂಚನ್ನು ಬಾಗಿಲೊಳಗೆ ಇಳಿಬಿಟ್ಟೆ. ಇಳಿಬಿಡದಿದ್ದರೆ ನೀರು ಮತ್ತೆ ಬೋರ್ಡಿಗೇ. ಕ್ಲಿಪ್ಪು, ಅಂಟು, ಟೇಪು, ವಾರ್ನಿಷ್ ಎಲ್ಲ ಸೇರಿ 750 ರೂಪಾಯಿ ಆಸುಪಾಸು ಆಗಿರಬೇಕು, ಹಿಂದೆ ಹೋದ 600 ಬೇರೆ.

ಎಡಬಾಗಿಲಿನ ಒಂದು ಮೂಲೆಯಲ್ಲಿ ಬಾಗಿಲ ತಗಡೇ ತುಕ್ಕು ತಿಂದು ತೂತು ದೊಡ್ಡದಾಗಿದೆ. ಅಲ್ಲಿ ಕ್ಲಿಪ್ಪಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿ ಒತ್ತಿದ್ದೇನೆ. ಅಡಿಕೆ ಕೊಯ್ಲು ಮುಗಿದ ಮೇಲೆ ಅಲ್ಲಿಗೂ ಒಂದು ಚೂರು ಆಫ್‌ಸೆಟ್ ಪ್ಲೇಟ್ ಬೀಳಲಿದೆ.