ಗೋಡೆ ಒಡೆಯುವ ಮುನ್ನ: ವಿನ್ಯಾಸಕಿಯೊಡನೆ ಮನೆ ನವೀಕರಿಸಿದ ನನ್ನ ಅನುಭವ

ಹಳೆಯ ಮನೆಯನ್ನು ನವೀಕರಿಸಲು ತೀರ್ಮಾನಿಸಿದಾಗ ಗುತ್ತಿಗೆದಾರರಿಗಿಂತ ಮೊದಲು ನಾವು ವಿನ್ಯಾಸಕಿಯೊಬ್ಬರನ್ನು ಗೊತ್ತುಮಾಡಿಕೊಂಡೆವು. ಮೊದಲ ಭೇಟಿಗೆ ನಾನು ಚಂದದ ಮನೆಗಳ ಚಿತ್ರಗಳನ್ನು ಒಯ್ಯಲಿಲ್ಲ. ಮನೆಯಲ್ಲಿ ನಮಗಿದ್ದ ತೊಂದರೆಗಳನ್ನು ಬರೆದುಕೊಂಡು ಹೋದೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಸರಿದು ದಾರಿ ಬಿಡಬೇಕಾಗುತ್ತಿತ್ತು, ನಡುಮನೆಯಲ್ಲಿ ಹಗಲಲ್ಲೇ ದೀಪ ಹಾಕಬೇಕಾಗುತ್ತಿತ್ತು, ಮಂಡಿನೋವಿರುವ ಅಮ್ಮನಿಗೆ ಬಚ್ಚಲಮನೆಯ ಮೆಟ್ಟಿಲು ಹತ್ತಿಳಿಯುವುದು ಕಷ್ಟವಾಗಿತ್ತು. ‘ಅಡುಗೆಮನೆಯ ಗೋಡೆ ತೆಗೆಸಬೇಕು’ ಎಂದು ಮಾತ್ರ ನಾನು ಬರೆದಿರಲಿಲ್ಲ. ಪರಿಹಾರವನ್ನು ನಾವೇ ಹೇಳಿಬಿಟ್ಟರೆ ವಿನ್ಯಾಸಕರು ಅದನ್ನು ನಕ್ಷೆಗೆ ಇಳಿಸಿಕೊಟ್ಟು ಸುಮ್ಮನಾಗಬಹುದು. ತೊಂದರೆಯನ್ನು ಹೇಳಿದರೆ ನಮಗೆ ಹೊಳೆಯದ ದಾರಿಯನ್ನು ಅವರು ಹುಡುಕುತ್ತಾರೆ.

ನಮ್ಮಲ್ಲಿ ಆದದ್ದೂ ಹಾಗೆಯೇ. ಅಡುಗೆಮನೆಯಲ್ಲಿ ಎದುರುಬದುರಾಗಿದ್ದ ಎರಡು ಕಟ್ಟೆಗಳ ನಡುವೆ ಅವರು ಟೇಪು ಹಿಡಿದು ಅಳೆದಾಗ 90 ಸೆಂಟಿಮೀಟರ್ ಇತ್ತು. ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು ಹಿಂದಿನಿಂದ ಹಾದುಹೋಗಬೇಕಾದರೆ ಸುಮಾರು 120 ಸೆಂಟಿಮೀಟರ್ ಬೇಕು. ಗೋಡೆಯನ್ನು ಮುಟ್ಟದೆ, ಒಂದು ಕಡೆಯ ಕಟ್ಟೆಯನ್ನು ತೆಗೆದು ಉಳಿದದ್ದನ್ನು ಮೂಲೆಗೆ ತಿರುಗಿಸಿ ಅವರು ಜಾಗ ಬಿಡಿಸಿದರು. ಆ ಗೋಡೆ ಮೇಲಿನ ಭಾರವನ್ನು ಹೊತ್ತಿದೆ ಎಂಬುದು ಕಟ್ಟಡದ ಭಾರ, ಬಲಗಳ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿದ ಮೇಲೆ ಖಚಿತವಾಯಿತು. ಯಾವ ಗೋಡೆಯನ್ನು ಒಡೆಯಬಹುದು ಎಂಬ ತೀರ್ಮಾನವನ್ನು ವಿನ್ಯಾಸಕರಾಗಲಿ ಮೇಸ್ತ್ರಿಯಾಗಲಿ ಒಬ್ಬರೇ ಮಾಡಬಾರದು.

ಕಟ್ಟೆಯ ಎತ್ತರವನ್ನು ಅವರು ನಿರ್ಧರಿಸಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯವಾಗಿ 85ರಿಂದ 90 ಸೆಂಟಿಮೀಟರ್ ಇಡುತ್ತಾರೆ. ಇವರು ಹಾಗೆ ಮಾಡದೆ, ಹೆಚ್ಚು ಹೊತ್ತು ಅಡುಗೆ ಮಾಡುವ ನನ್ನನ್ನು ನೇರವಾಗಿ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ನೆಲದಿಂದ ಮೊಣಕೈವರೆಗೆ ಅಳೆದು, ಅದಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದರು. ಪಾತ್ರೆ ತೊಳೆಯುವಾಗ ಕೈಗಳು ಸಿಂಕಿನ ತಳದವರೆಗೆ ಇಳಿಯುವುದರಿಂದ ಆ ಭಾಗವನ್ನು ತುಸು ಎತ್ತರಿಸಿದರು. ಬಹಳ ಹೊತ್ತು ನಿಂತು ಕೆಲಸ ಮಾಡಿದರೂ ಈಗ ನನಗೆ ಸೊಂಟ ಹಿಡಿಯುವುದಿಲ್ಲ.

ನಕ್ಷೆ ಓದುವುದನ್ನು ಕಲಿಯಲು ನಾನು ಶ್ರಮ ಹಾಕಿದೆ. 1:50 ಪ್ರಮಾಣದ ನಕ್ಷೆಯಲ್ಲಿ ಒಂದು ಮೀಟರ್ ಎರಡೇ ಸೆಂಟಿಮೀಟರ್ ಆಗಿ ಕಾಣುವುದರಿಂದ ಜಾಗ ಸಾಕೋ ಸಾಲದೋ ಎಂಬುದು ನಮ್ಮಂಥವರಿಗೆ ಕಣ್ಣಳತೆಗೆ ತಿಳಿಯುವುದಿಲ್ಲ. ಆದ್ದರಿಂದ ಹೊಸ ಕಟ್ಟೆ, ಕಪಾಟು, ಮಂಚ ಇವುಗಳ ಅಂಚನ್ನು ನೆಲದ ಮೇಲೆ ಅಂಟುಪಟ್ಟಿಯಿಂದ ನಿಜವಾದ ಅಳತೆಯಲ್ಲೇ ಗುರುತಿಸಿ, ಅದರ ನಡುವೆ ಓಡಾಡಿ ನೋಡಿದೆವು. ಕಪಾಟಿನ ಬಾಗಿಲು ತೆರೆದರೆ ಮಂಚಕ್ಕೆ ತಗಲುತ್ತದೆ ಎಂಬುದು ಗೊತ್ತಾದದ್ದು ಆಗಲೇ. ಜಾರುಬಾಗಿಲು ಎಂದು ನಕ್ಷೆಯನ್ನು ತಿದ್ದಿಸಿದೆವು. ಕಾಗದದ ಮೇಲೆ ಒಂದು ಸ್ವಿಚ್ ಬೋರ್ಡನ್ನು ಸರಿಸಲು ರಬ್ಬರ್ ಸಾಕು. ಗಾರೆಯಾದ ಮೇಲೆ ಸರಿಸಬೇಕೆಂದರೆ ಗೋಡೆ ಕೊರೆಯಬೇಕು, ವೈರು ಹೊಸದಾಗಿ ಎಳೆಯಬೇಕು, ಮತ್ತೆ ಗಾರೆ ಮಾಡಬೇಕು, ಬಣ್ಣ ಬಳಿಯಬೇಕು.

ಒಪ್ಪಂದದಲ್ಲಿ ಅವರ ಶುಲ್ಕ, ಎಷ್ಟು ಬಾರಿ ನಕ್ಷೆ ತಿದ್ದಿಕೊಡುತ್ತಾರೆ, ಕೆಲಸದ ಜಾಗಕ್ಕೆ ಯಾವ ಹಂತಗಳಲ್ಲಿ ಬರುತ್ತಾರೆ, ಗುತ್ತಿಗೆದಾರರ ಬಿಲ್ಲನ್ನು ಪರಿಶೀಲಿಸುವವರು ಯಾರು ಎಂಬುದನ್ನೆಲ್ಲ ಬರೆಸಿದೆವು. ಕೆಲಸ ನಡೆಯುವಾಗ ನಾವು ಬಯಸಿದ ಬದಲಾವಣೆಯನ್ನೂ ಕೆಲಸಗಾರರಿಗೆ ಬಾಯಿಮಾತಿನಲ್ಲಿ ಹೇಳದೆ, ವಿನ್ಯಾಸಕಿಯ ಮೂಲಕವೇ, ತಗಲುವ ಹೆಚ್ಚುವರಿ ಖರ್ಚಿನ ಸಮೇತ ಬರಹದಲ್ಲಿ ಕಳಿಸುತ್ತಿದ್ದೆವು. ಹಳೆಯ ಮನೆಯನ್ನು ಬಿಚ್ಚಿದಾಗ ತುಕ್ಕು ಹಿಡಿದ ಕೊಳವೆಯೋ ತೇವ ಹಿಡಿದ ಗೋಡೆಯೋ ಸಿಗುವುದು ಸಹಜವಾದ್ದರಿಂದ ಅಂದಾಜಿನ ಶೇ. 15ರಷ್ಟನ್ನು ಬೇರೆಯಾಗಿಯೇ ಇಟ್ಟಿದ್ದೆವು. ಅದರಲ್ಲಿ ಬಹುಪಾಲು ಬಚ್ಚಲಮನೆಗೇ ಹೋಯಿತು.

ಬಚ್ಚಲಮನೆಯ ಮೆಟ್ಟಿಲನ್ನು ತೆಗೆದು ನೆಲವನ್ನು ಸಮಮಟ್ಟಕ್ಕೆ ತಂದದ್ದರಿಂದ ನೀರು ಹೊರಗೆ ಹರಿಯದಂತೆ ಸರಿಯಾದ ವಾಟ ಕೊಡುವುದು ಮುಖ್ಯವಾಗಿತ್ತು. 80 ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಎಂದು ನಕ್ಷೆಯಲ್ಲೇ ನಮೂದಿಸಿದ್ದರು. ವಾಟರ್ ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮುನ್ನ, ನೀರಿಳಿಯುವ ಬಾಯಿ ಮುಚ್ಚಿ ನೀರು ತುಂಬಿಸಿ 24 ಗಂಟೆ ಬಿಟ್ಟು, ಮಟ್ಟ ಇಳಿದಿದೆಯೇ, ಅಕ್ಕಪಕ್ಕದ ಗೋಡೆಯಲ್ಲಿ ತೇವ ಕಂಡಿದೆಯೇ ಎಂದು ಅವರೇ ನಿಂತು ನೋಡಿದರು.

ಗಾರೆ ಮುಚ್ಚುವ ಮುನ್ನ ಪ್ರತಿ ಗೋಡೆಗೂ ಅಳತೆಪಟ್ಟಿ ಹಿಡಿದು ಕೊಳವೆ ಮತ್ತು ವೈರುಗಳ ಫೋಟೊ ತೆಗೆಸಿಕೊಂಡೆವು. ಕೊನೆಯ ಕಂತಿನ ಹಣ ಕೊಡುವ ಮೊದಲು, ನಿಜವಾಗಿ ಏನೇನು ಎಲ್ಲೆಲ್ಲಿ ಹೋಗಿದೆ ಎಂಬುದನ್ನು ತೋರಿಸುವ ಪರಿಷ್ಕೃತ ನಕ್ಷೆಯನ್ನೂ ಅವರಿಂದ ಪಡೆದೆವು. ಅಮ್ಮನಿಗೆಂದು ಬಚ್ಚಲಮನೆಯಲ್ಲಿ ಹಿಡಿಕೆ ಕೂರಿಸಬೇಕಾದಾಗ, ಎಲ್ಲಿ ರಂಧ್ರ ಕೊರೆದರೆ ಕೊಳವೆಗೆ ತಗಲುವುದಿಲ್ಲ ಎಂಬುದನ್ನು ಆ ನಕ್ಷೆ ನೋಡಿಯೇ ಗುರುತು ಹಾಕಿಕೊಟ್ಟೆ.