ರಫ್ತು ಪ್ರಶಸ್ತಿಯ ಅರ್ಜಿಗಳನ್ನು ನಾನು ತೂಗಿದ ರೀತಿ

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಿಂದ ನಿವೃತ್ತಳಾಗಿ ಶಿರಸಿಗೆ ಬಂದ ಮೇಲೆ, ಒಂದು ವ್ಯಾಪಾರಿ ಸಂಘ ತನ್ನ ರಫ್ತು ಪ್ರಶಸ್ತಿಯ ಪರಿಶೀಲನಾ ಸಮಿತಿಗೆ ನನ್ನನ್ನು ಕರೆಯಿತು. ಕೆಲವು ವರ್ಷ ಆ ಕೆಲಸ ಮಾಡಿದೆ. ಬೆಂಗಳೂರಿನ ವಿಟಿಪಿಸಿ (ರಾಜ್ಯ ಸರ್ಕಾರದ ರಫ್ತು ಉತ್ತೇಜನ ಕೇಂದ್ರ), ಸಾಂಬಾರ ಮಂಡಳಿ, ಎಫ್‌ಐಇಒ (ರಫ್ತು ಸಂಸ್ಥೆಗಳ ಒಕ್ಕೂಟ) ಕೂಡ ರಫ್ತುದಾರರಿಗೆ ಪ್ರಶಸ್ತಿ ಕೊಡುತ್ತವೆ. ಅವರವರ ನಿಯಮ ಅವರವರದು. ನಾನು ಹೇಳುವುದು ನಮ್ಮ ಸಮಿತಿಯಲ್ಲಿ ಕೂತು ಮಾಡಿದ್ದನ್ನು.

ಅರ್ಜಿಯ ಜೊತೆ ಬಣ್ಣದ ಫೋಟೋ, ಕಂಪನಿಯ ಪರಿಚಯ ಎಲ್ಲ ಇರುತ್ತದೆ. ಅದನ್ನು ನಾನು ಕೊನೆಗೆ ಓದುತ್ತಿದ್ದೆ. ಮೊದಲು ತೆರೆಯುತ್ತಿದ್ದುದು ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ದಾಖಲೆ) ಮತ್ತು ಬಿಆರ್‌ಸಿ (ವಿದೇಶದ ಹಣ ಬ್ಯಾಂಕಿಗೆ ಬಂದಿದ್ದಕ್ಕೆ ಪ್ರಮಾಣಪತ್ರ). ಶಿಪ್ಪಿಂಗ್ ಬಿಲ್ ನೋಡಿದರೆ ಮಾಲು ಹೋಗಿದ್ದು ಗೊತ್ತಾಗುತ್ತದೆ. ಬಿಆರ್‌ಸಿ ನೋಡಿದರೆ ಹಣ ಬಂದಿದ್ದು ಗೊತ್ತಾಗುತ್ತದೆ. ಎರಡೂ ಸೇರಿದರೆ ಮಾತ್ರ ಅದು ನನಗೆ ರಫ್ತು. ದೊಡ್ಡ ಸಾಗಣೆಗಳನ್ನು ಆರಿಸಿ, ಬಿಲ್ಲಿನ ನಂಬರ್ ಹಿಡಿದು ಬಿಆರ್‌ಸಿಯ ತನಕ ಹೋಗುತ್ತಿದ್ದೆ. ಆಮೇಲೆ ಸಿಎ ಸರ್ಟಿಫಿಕೇಟಿನ ಮೊತ್ತಕ್ಕೆ ತಾಳೆ ನೋಡುತ್ತಿದ್ದೆ. ಮಾರ್ಚ್ ಕೊನೆಯಲ್ಲಿ ಮಂಗಳೂರಿನ ಪಣಂಬೂರು ಬಂದರಿನಿಂದ ಹೊರಟ ಕಂಟೇನರಿನ ಹಣ ಜೂನ್‌ನಲ್ಲಿ ಬಂದರೆ ತಪ್ಪೇನಿಲ್ಲ. ಆಗ ಹಣ ತರಿಸಲು ಒಂಬತ್ತು ತಿಂಗಳ ಗಡುವು ಇತ್ತು. ಆದರೆ ಅದನ್ನು ಎರಡು ವರ್ಷದ ಲೆಕ್ಕದಲ್ಲೂ ಸೇರಿಸಿದರೆ ಮೊತ್ತ ಉಬ್ಬುತ್ತದೆ, ಅಲ್ವಾ? ಇಂಥದ್ದು ಕಂಡರೆ ಅರ್ಜಿದಾರರಿಗೆ ಪತ್ರ ಬರೆದು ಕೇಳುತ್ತಿದ್ದೆವು. ಹೆಚ್ಚಿನವರು ಕೂಡಲೇ ಸರಿಪಡಿಸಿ ಕಳಿಸುತ್ತಿದ್ದರು.

ಹೆಚ್ಚು ಹೊತ್ತು ಹಿಡಿಯುತ್ತಿದ್ದುದು 'ಬೆಳವಣಿಗೆ'ಯ ಕಾಲಂ. ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ರೂಪಾಯಿಯ ಬೆಳವಣಿಗೆ ಒಂದನ್ನೇ ನೋಡಿ ಪ್ರಶಸ್ತಿ ಕೊಡಬಾರದು. 2021-22ರಲ್ಲಿ ಡಾಲರಿಗೆ ಸರಾಸರಿ 74-75 ರೂಪಾಯಿ ಇತ್ತು. ಮರುವರ್ಷ ಸರಾಸರಿ 80 ದಾಟಿತು. ಎರಡೂ ವರ್ಷ ಒಂದೊಂದು ಲಕ್ಷ ಡಾಲರಿನ ಮಾಲು ಕಳಿಸಿದವರ ಲೆಕ್ಕ ಸುಮಾರು 74.5 ಲಕ್ಷದಿಂದ 80 ಲಕ್ಷಕ್ಕೆ ಏರುತ್ತದೆ. ಒಂದು ಚೀಲವೂ ಜಾಸ್ತಿ ಹೋಗಿಲ್ಲ, ಆದರೂ ಶೇ. 7 ಬೆಳವಣಿಗೆ! ಹಾಗಾಗಿ ಪ್ರತಿ ಅರ್ಜಿಗೂ ಮೂರು ಸಾಲು ಬರೆದುಕೊಳ್ಳುತ್ತಿದ್ದೆ: ರೂಪಾಯಿ, ಡಾಲರ್, ಕಿಲೋ. ಕಾಳುಮೆಣಸಿಗೆ ರೇಟು ಏರಿದ ವರ್ಷ ಎಲ್ಲರ ವಹಿವಾಟೂ ಏರುತ್ತದೆ. ರೇಟು ಬಿದ್ದ ವರ್ಷ ಜಾಸ್ತಿ ಕಿಲೋ ಕಳಿಸಿದವನ ಶ್ರಮ ರೂಪಾಯಿ ಸಾಲಿನಲ್ಲಿ ಕಾಣುವುದೇ ಇಲ್ಲ. ಕಿಲೋ ಸಾಲು ಅದನ್ನು ತೋರಿಸುತ್ತದೆ.

ಸಾಗಣೆ ಬಾಡಿಗೆಯದೂ ಇದೇ ಕಥೆ. 2021ರಲ್ಲಿ ಕಂಟೇನರ್ ಸಿಗದೆ ಹಡಗಿನ ಬಾಡಿಗೆ ವಿಪರೀತ ಏರಿತ್ತು. ಬಾಡಿಗೆ, ವಿಮೆ ಸೇರಿಸಿ ಸಿಐಎಫ್ ಬೆಲೆ ಬರೆದವರ ಮೊತ್ತ ದೊಡ್ಡದಾಗಿ ಕಂಡಿತು. ಆ ಹಣ ಹೋಗಿದ್ದು ಹಡಗು ಕಂಪನಿಗೆ. ಆದ್ದರಿಂದ ನಾವು ಎಫ್‌ಒಬಿ, ಅಂದರೆ ಹಡಗಿಗೆ ಏರಿಸುವ ತನಕದ ಬೆಲೆ ಮಾತ್ರ ಹಿಡಿಯುತ್ತಿದ್ದೆವು.

ಸಣ್ಣವರ ಶೇಕಡಾವಾರು ಲೆಕ್ಕವನ್ನೂ ಎಚ್ಚರದಿಂದ ಓದಬೇಕು. ಎರಡು ಲಕ್ಷದಿಂದ ಹತ್ತು ಲಕ್ಷಕ್ಕೆ ಹೋದರೆ ಶೇ. 400 ಆಗುತ್ತದೆ. ಕುಮಟಾದ ದೊಡ್ಡ ಗೇರುಬೀಜದ ಕಾರ್ಖಾನೆ ಒಂದು ವರ್ಷದಲ್ಲಿ ಹಾಗೆ ಏರುವುದು ಕಷ್ಟ. ಅದಕ್ಕೇ ಮೂರು ವರ್ಷದ ಅಂಕಿ ಕೇಳುತ್ತಿದ್ದೆವು, ಗಾತ್ರ ನೋಡಿ ಬೇರೆ ಬೇರೆ ವಿಭಾಗ ಮಾಡುತ್ತಿದ್ದೆವು. ಅದೇ ಖರೀದಿದಾರ ಮತ್ತೆ ಆರ್ಡರ್ ಕೊಟ್ಟಿದ್ದಾನಾ, ಕೀಟನಾಶಕದ ಉಳಿಕೆಯಿಂದ ಮಾಲು ವಾಪಸ್ ಬಂದಿದೆಯಾ ಅನ್ನುವುದಕ್ಕೂ ಅಂಕ ಇತ್ತು. ಶಿರಸಿಯ ಅರ್ಜಿ ಬಂದರೆ ನಾನು ಅಂಕ ಹಾಕದೆ ಹೊರಗೆ ಕೂರುತ್ತಿದ್ದೆ.

ನಮ್ಮ ಜಿಲ್ಲೆಯಿಂದ ಅರ್ಜಿ ಬರುವುದೇ ಕಡಿಮೆ. ಇಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಒಳ್ಳೆಯ ಮೆಣಸಿದೆ, ಮುರುಗಲು ಇದೆ. ಆದರೆ ಎಷ್ಟೋ ಮಾಲು ಕೊಚ್ಚಿಯ, ಮುಂಬೈಯ ವರ್ತಕರ ಹೆಸರಿನಲ್ಲಿ ಹೊರಗೆ ಹೋಗುತ್ತದೆ. ಸಮಿತಿ ಬಿಟ್ಟ ಮೇಲೆ ಯಲ್ಲಾಪುರ ಕಡೆಯ ಒಬ್ಬ ಹುಡುಗಿ ಅರ್ಜಿಯ ಕರಡು ಹಿಡಿದು ಮನೆಗೆ ಬಂದಿದ್ದಳು.

"ಅಕ್ಕಾ, ಮೆಣಸು ಒಣಗಿಸಿದ್ದು, ಗ್ರೇಡ್ ಮಾಡಿದ್ದು, ಪ್ಯಾಕ್ ಮಾಡಿದ್ದು ಎಲ್ಲ ನಾವು. ಕೊಚ್ಚಿಯ ವರ್ತಕರು ಹಡಗಿಗೆ ಹಾಕಿದ್ದಷ್ಟೇ. ನಮ್ಮ ರಫ್ತು ಅಂತ ಬರೀಲಿಕ್ಕೆ ಆಗೂದಿಲ್ವಾ?"

"ಶಿಪ್ಪಿಂಗ್ ಬಿಲ್ಲಿನಲ್ಲಿ ನಿನ್ನ ಹೆಸರು ಎಲ್ಲಿದೆ ತೋರಿಸು" ಎಂದೆ. ಎಲ್ಲೂ ಇರಲಿಲ್ಲ.

ವಿದೇಶ ವ್ಯಾಪಾರ ನೀತಿಯಲ್ಲಿ ಇದಕ್ಕೆ ದಾರಿ ಇದೆ. ಇನ್ನೊಬ್ಬರ ಮೂಲಕ ಕಳಿಸಿದರೂ, ಬಿಲ್ಲಿನಲ್ಲಿ ತಯಾರಕರ ಹೆಸರು ಮತ್ತು ರಫ್ತುದಾರರ ಹೆಸರು ಎರಡನ್ನೂ ನಮೂದಿಸಬೇಕು. ಅಷ್ಟಿದ್ದರೆ ಪರಿಶೀಲಿಸುವವರ ಕೈಗೆ ಹಿಡಿಯಲು ಒಂದು ದಾಖಲೆ ಸಿಗುತ್ತದೆ. ಹೆಸರಿಲ್ಲದ ಬಿಲ್ಲಿಗೆ ಎಷ್ಟೇ ಮನಸ್ಸಿದ್ದರೂ ನಾನು ಅಂಕ ಕೊಡುತ್ತಿರಲಿಲ್ಲ. ಅದನ್ನೇ ಅವಳಿಗೆ ಹೇಳಿದೆ. ಹಾಗೇ ಅವಳದೇ ಐಇಸಿ (ಆಮದು-ರಫ್ತು ಕೋಡ್) ಮಾಡಿಸಿ, ಸಾಂಬಾರ ಮಂಡಳಿಯ ರಫ್ತುದಾರರ ನೋಂದಣಿ ಪಡೆದು, ಸಣ್ಣದೊಂದು ಸಾಗಣೆಯನ್ನಾದರೂ ಸ್ವಂತ ಹೆಸರಿನಲ್ಲಿ ಮಾಡು ಎಂದೆ. ಅವಳು ನಮ್ಮ ಜಗಲಿಯಿಂದಲೇ ಕೊಚ್ಚಿಗೆ ಫೋನ್ ಹಚ್ಚಿದಳು. ಮುಂದಿನ ಕಂಟೇನರಿನಿಂದ ಹೆಸರು ಹಾಕಿಸಲು ಅವರು ಒಪ್ಪಿದರು.